ಮೊದಲು ಮೀಟರು, ಆಮೇಲೆ ಬಟನ್

ಸುರೇಖಾ ಇನ್ನೂ ಮೀಟರಿನ ವೈರಿನ ಸುರುಳಿ ಬಿಡಿಸುತ್ತಿದ್ದಳು. ಸಂಗನಬಸವ ಆಗಲೇ ಹಾಸ್ಟೆಲ್ಲಿನ ಅಡುಗೆಮನೆಯ ಬೋರ್ಡು ತೆರೆದು, ಕರೆಂಟು ಸೋರಿದರೆ ಲೈನು ಕಡಿಯುವ ಇಎಲ್‌ಸಿಬಿ ಡಬ್ಬಿಯ ಪುಟ್ಟ ಟೆಸ್ಟ್ ಬಟನ್ನಿನ ಮೇಲೆ ಹೆಬ್ಬೆರಳಿಟ್ಟು, ಕುತ್ತಿಗೆ ಹೊರಳಿಸಿ ಅವಳನ್ನೇ ನೋಡುತ್ತಿದ್ದ.

“ಒತ್ಲೇನ್ರಿ ಮೇಡಮ್ಮಾರ? ಕತ್ತಲ ಆಕ್ಕತಿ, ಅಂಜಬ್ಯಾಡ್ರಿ.”

“ಮುಂಜಾನೆ ಹನ್ನೊಂದಾಗೈತಿ. ಎಲ್ಲಿ ಕತ್ತಲ?”

“ಫ್ಯಾನ್ ನಿಲ್ತೈತಿ. ಹಣಿ ಮ್ಯಾಲೆ ನಿಮ್ಮ ಕೂದಲ ಹಾರೋದು ನಿಲ್ತೈತಿ. ನನಗ ಅದ ಕತ್ತಲ.”

ಸುರೇಖಾ ತಲೆಯೆತ್ತಿದಳು. ‘ತಡೀರಿ, ಇನ್ನೂ ಒತ್ತಬ್ಯಾಡ್ರಿ’ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅವನು ನಗುತ್ತಿದ್ದ. ತುಟಿಯ ಎಡತುದಿ ಮೊದಲು ಏರಿ, ಬಲತುದಿ ಅದನ್ನು ಹಿಂಬಾಲಿಸಲೋ ಬೇಡವೋ ಎಂದು ಯೋಚಿಸುವಂಥ ನಗು. ವರ್ಷದಿಂದ ಜೊತೆಗೆ ಕೆಲಸ ಮಾಡುತ್ತಿದ್ದರೂ, ಅವನು ಹೀಗೆ ಕಣ್ಣು ತಗ್ಗಿಸದೆ ಅವಳನ್ನು ನೋಡಿದ್ದು ಅದೇ ಮೊದಲು. ಅವಳು ಬಾಯಿ ಮುಚ್ಚಿಕೊಂಡಳು.

ಟಪ್ಪೆಂದಿತು. ಫ್ಯಾನು ಎರಡು ಸುತ್ತು ಹೆಚ್ಚಿಗೆ ತಿರುಗಿ ನಿಂತಿತು.

ಹತ್ತು ದಿನಗಳ ಹಿಂದಷ್ಟೇ ರಾಯಚೂರಿನಲ್ಲಿ ಮೂರು ದಿನದ ತರಬೇತಿ ಮುಗಿಸಿ ಬಂದವಳು ಸುರೇಖಾ. ವೈರಿಂಗಿನ ನಿಯಮಗಳು ಬದಲಾಗಿ, ಹೊಸ ಫಾರಂ ಬಂದಿತ್ತು. ತರಬೇತಿ ಕೊಟ್ಟವರು ಒಂದು ಮಾತನ್ನು ಮೂರೂ ದಿನ ಹೇಳಿದ್ದರು. ಮೊದಲು ಮೀಟರು, ಆಮೇಲೆ ಬಟನ್. ಹೋದ ಕರೆಂಟು ಅಷ್ಟೂ ಮರಳಿ ಬರಬೇಕು. ದಾರಿಯಲ್ಲಿ ಒಂದಿಷ್ಟು ಯಾರದೋ ಮೈಯಿಂದ ನೆಲಕ್ಕೆ ಇಳಿದರೆ ಈ ಡಬ್ಬಿ ಅದನ್ನು ಕಂಡುಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯಬೇಕು. ಆದರೆ ತಿಂಗಳುಗಟ್ಟಲೆ ಅಲುಗದೆ ಕುಳಿತ ಡಬ್ಬಿಯೊಳಗಿನ ಕೊಂಡಿ ಧೂಳು ಜಿಡ್ಡಿಗೆ ಅಂಟಿಕೊಂಡಿರಬಹುದು. ಮೊದಲೇ ಬಟನ್ ಒತ್ತಿದರೆ ಅಂಟಿದ್ದು ಬಿಟ್ಟುಕೊಳ್ಳುತ್ತದೆ. ಆಮೇಲೆ ಮೀಟರು ತೋರಿಸುವುದು ಆಗತಾನೇ ಎಬ್ಬಿಸಿದ ಡಬ್ಬಿಯ ಚುರುಕನ್ನು. ಆರು ತಿಂಗಳು ಮಲಗಿದ್ದ ಡಬ್ಬಿಯದನ್ನಲ್ಲ.

ಅವರಿಬ್ಬರೂ ದುಡಿಯುತ್ತಿದ್ದ ಹುಸೇನಪ್ಪನ ಅಂಗಡಿಯ ಪದ್ಧತಿ ಬೇರೆ. ಸಿಂಧನೂರಿನಲ್ಲಿ ಮೂವತ್ತು ವರ್ಷದಿಂದ ವೈರಿಂಗ್ ಗುತ್ತಿಗೆ ಹಿಡಿಯುವ ಮನುಷ್ಯ ಹುಸೇನಪ್ಪ. ‘ಮೊದ್ಲ ಒತ್ತಿ ನೋಡು. ಜಿಗೀತೈತಿ ಅಂದ್ರ ಜೀವ ಐತಿ. ಆಮ್ಯಾಲೆ ಮೀಟರ್ ಹಚ್ಚು’ ಎಂದು ಅವನು ಕಲಿಸಿದ್ದನ್ನೇ ಸಂಗನಬಸವ ಕಲಿತಿದ್ದ.

ಸ್ವಿಚ್ಚು ಮತ್ತೆ ಮೇಲೆತ್ತಿ ಮೀಟರು ಹಚ್ಚಿದಾಗ, ಲೈನು ಕಡಿಯಲು ಹಿಡಿದ ಹೊತ್ತು ಇಪ್ಪತ್ನಾಲ್ಕು ಮಿಲಿಸೆಕೆಂಡು ಎಂದು ತೋರಿಸಿತು. ಮುನ್ನೂರರವರೆಗೆ ನಡೆಯುತ್ತದೆ, ಇದು ಬಹಳ ಒಳ್ಳೆಯ ರೀಡಿಂಗು. ಸುರೇಖಾ ಬರೆದುಕೊಂಡಳು. ಫಾರಂನಲ್ಲಿ ‘ಪರೀಕ್ಷೆಯ ಕ್ರಮ ಪಾಲಿಸಲಾಗಿದೆ’ ಎಂಬ ಸಾಲಿನ ಮುಂದೆ ಒಂದು ಚೌಕವಿತ್ತು. ಪೆನ್ನು ಅಲ್ಲಿ ಒಂದು ಕ್ಷಣ ತಡೆಯಿತು. ಆಮೇಲೆ ಅವಳು ಸರಿ ಗುರುತು ಹಾಕಿದಳು. ಕೆಳಗೆ ಸಂಗನಬಸವ ಸಹಿ ಮಾಡಿದ.

ಅಡುಗೆಯ ಮಕ್ತುಂಬೀ ಎರಡು ಕಪ್ ಚಹಾ ತಂದಿಟ್ಟಳು. ಐವತ್ತರ ಹತ್ತಿರದ ಹೆಂಗಸು. ಎಂಬತ್ತು ಹುಡುಗಿಯರಿಗೆ ಮುಂಜಾನೆ ಇಡ್ಲಿ, ದೋಸೆ ಮಾಡಿಹಾಕುವ ಕೈ.

“ಸಂಗಣ್ಣ, ಬೋರ್ಡ್ ನೋಡಾಕ ಬಂದೀಯೋ, ಈ ಬೇಟಿನ ನೋಡಾಕ ಬಂದೀಯೋ?”

“ಬೋರ್ಡ್ ನೋಡಿ ಆತ್ರಿ ಖಾಲಾ. ನಿಮ್ದೆಲ್ಲಾ ಪಕ್ಕಾ ಐತಿ. ಚಿಂತಿ ಬಿಡ್ರಿ, ಬೇಫಿಕರ್ ಇರ್ರಿ.”

“ಹಂಗಾದ್ರ ಬೇಫಿಕರ್ ಇರ್ತೀನಿ ಬಿಡಪಾ,” ಎಂದು ಮಕ್ತುಂಬೀ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಲೆಯ ಕಡೆ ಹೋದಳು.

ಅದು ಜನವರಿ.

ಸಂಜೆಯ ಬಸ್ಸಿನಲ್ಲಿ ಇಬ್ಬರೂ ಜೊತೆಗೇ ಹೋಗುತ್ತಿದ್ದರು. ಮಸ್ಕಿಯಲ್ಲಿ ಸುರೇಖಾ ಇಳಿಯುವಳು, ಸಂಗನಬಸವ ಲಿಂಗಸುಗೂರಿಗೆ ಮುಂದುವರಿಯುವನು. ಅವಳ ಅಪ್ಪ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದರು. ಭೌತಶಾಸ್ತ್ರದಲ್ಲಿ ಬಿಎಸ್‌ಸಿ ಮಾಡಿದ ಮಗಳು ವೈರಿಂಗ್ ಅಂಗಡಿಗೆ ಹೋಗುವುದು ಅವರಿಗೆ ಹಿಡಿಸಿರಲಿಲ್ಲ. ಮೊದಲ ದಿನ ಅವಳು ಅಂಗಡಿಯ ಮೆಟ್ಟಿಲೇರಿದಾಗ ಸಂಗನಬಸವ ಅವಳನ್ನು ಗಿರಾಕಿ ಎಂದುಕೊಂಡು, “ಮಿಕ್ಸರ್ ರಿಪೇರಿ ಬಾಜೂ ಅಂಗಡ್ಯಾಗ್ರಿ” ಎಂದಿದ್ದ. “ನನ್ನ ಕೈಯಾಗ ಮಿಕ್ಸರ್ ಕಾಣಾಕತ್ತೈತೇನು?” ಎಂದು ಅವಳು ಎರಡೂ ಖಾಲಿ ಅಂಗೈ ಚಾಚಿದ್ದಳು. ಅವನು ಆ ಅಂಗೈಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ್ದ.

ಅಲ್ಲಿಂದ ಶುರುವಾಗಿದ್ದು ಇನ್ನೂ ಮಾತಿಗೆ ಬಂದಿರಲಿಲ್ಲ. ಬಸ್ಸಿನಲ್ಲಿ ಅವನು ಟೂಲ್ ಬ್ಯಾಗಿಟ್ಟು ಸೀಟು ಹಿಡಿಯುವನು. ಅವಳು ಕಿಟಕಿಯ ಕಡೆ ಕೂಡುವಳು. ಕಾಲುವೆಯ ನೀರು, ಭತ್ತದ ಗದ್ದೆ, ಅವನ ಅವ್ವನ ಮೊಣಕಾಲು ನೋವು, ಅವಳ ತಮ್ಮನ ಪರೀಕ್ಷೆ, ಎಲ್ಲವೂ ಮಾತಿಗೆ ಬರುತ್ತಿತ್ತು. ಮಸ್ಕಿ ಬಂದಾಗ ಅವಳು ಏಳುತ್ತಿದ್ದಳು. ಅವನು ಕಾಲು ಮಡಚಿ ದಾರಿ ಬಿಡುತ್ತಿದ್ದ. ಅಷ್ಟೇ.

ಜುಲೈ ಕೊನೆಯ ವಾರ ಒಂದು ಮುಂಜಾನೆ ಅಂಗಡಿಗೆ ಫೋನು ಬಂತು. ಹುಸೇನಪ್ಪ ಎತ್ತಿಕೊಂಡ. “ಹಾಂ… ಯಾವಾಗ?… ಅಯ್ಯೋ ದೇವ್ರೆ” ಎಂದು ಕುರ್ಚಿಯ ಮೇಲೆ ಕುಸಿದ. ಹಾಸ್ಟೆಲ್ಲಿನ ಹಿಟ್ಟು ರುಬ್ಬುವ ಗ್ರೈಂಡರ್ ಮುಟ್ಟಿ ಮಕ್ತುಂಬೀ ತೀರಿಕೊಂಡಿದ್ದಳು. ಗ್ರೈಂಡರಿನ ಒಳವೈರು ಸವೆದು ಅದರ ಲೋಹದ ಮೈಗೆಲ್ಲಾ ಕರೆಂಟು ಬಂದಿತ್ತು. ಅದರ ಪ್ಲಗ್ಗಿನ ಅರ್ಥ್ ಪಿನ್ನು ಎಂದೋ ಮುರಿದಿದ್ದನ್ನು ಹಾಗೇ ನಡೆಸುತ್ತಿದ್ದರು. ನೆಲ ಒದ್ದೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಸುರೇಖಾ ಕೇಳಿದ ಮೊದಲ ಮಾತು ಮಕ್ತುಂಬೀಯ ಬಗ್ಗೆ ಆಗಿರಲಿಲ್ಲ. ಅದಕ್ಕಾಗಿ ಅವಳು ಆಮೇಲೆ ಎಷ್ಟೋ ದಿನ ತನ್ನನ್ನೇ ಹಳಿದುಕೊಂಡಳು. ಅವಳು ಕೇಳಿದ್ದು, “ಇಎಲ್‌ಸಿಬಿ ಟ್ರಿಪ್ ಆಗಿತ್ತೇನ್ರಿ?”

ಹುಸೇನಪ್ಪ ತಲೆಯಲ್ಲಾಡಿಸಿದ. “ಆಗಿಲ್ಲಂತ. ಕಟಗಿಲೆ ದೂಡಿ ಬಿಡಿಸ್ಯಾರ.”

ಬಾಗಿಲಲ್ಲಿ ಕೇಬಲ್ ಸುರುಳಿ ಹೊತ್ತು ನಿಂತಿದ್ದ ಸಂಗನಬಸವ ಅದನ್ನು ಹೆಗಲಿನಿಂದ ಇಳಿಸಲು ಮರೆತ.

ಎರಡನೆಯ ದಿನ ರಾಯಚೂರಿನಿಂದ ವಿದ್ಯುತ್ ಪರಿವೀಕ್ಷಕರು ಬಂದರು. ಕನ್ನಡಕದ, ಮೆಲುಮಾತಿನ ಮನುಷ್ಯ. ಪೊಲೀಸರು ಮೊಹರು ಹಾಕಿದ್ದ ಬೋರ್ಡು ತೆರೆಯುವ ಮೊದಲು ಎಲ್ಲರ ಕಡೆ ತಿರುಗಿ, “ಯಾರೂ ಏನನ್ನೂ ಒತ್ತಬಾರದು” ಎಂದರು. ಇಎಲ್‌ಸಿಬಿಯ ಸ್ವಿಚ್ಚು ಇನ್ನೂ ಮೇಲ್ಮುಖವಾಗಿಯೇ ಇತ್ತು, ಕೆಳಗೆ ಜಿಗಿದಿರಲೇ ಇಲ್ಲ. ಅಡುಗೆಮನೆಯ ನೆಲವನ್ನು ಯಾರೋ ತೊಳೆದಿದ್ದರು. ಮೂಲೆಯಲ್ಲಿ ಹುಳಿ ಹಿಟ್ಟಿನ ವಾಸನೆ ಮಾತ್ರ ಉಳಿದಿತ್ತು.

ಅವರು ಮೀಟರು ಹಚ್ಚಿದರು. ಪರದೆಯ ಮೇಲೆ ಅಂಕಿ ಓಡಿತು. ಮುನ್ನೂರು ದಾಟಿತು. ಡಬ್ಬಿ ಅಲುಗಲಿಲ್ಲ. ಇನ್ನೊಮ್ಮೆ ಮಾಡಿದರು; ಅಲುಗಲಿಲ್ಲ.

ಆಮೇಲೆ ಅವರು ಬೆರಳಿನಿಂದ ಟೆಸ್ಟ್ ಬಟನ್ ಒತ್ತಿದರು. ಮೊದಲ ಸಲ ಏನೂ ಆಗಲಿಲ್ಲ. ಗಟ್ಟಿಯಾಗಿ ಒತ್ತಿ ಹಿಡಿದಾಗ ಟಪ್ಪೆಂದಿತು. ಸ್ವಿಚ್ಚನ್ನು ಮತ್ತೆ ಮೇಲೆತ್ತಿ ಮೀಟರು ಹಚ್ಚಿದರು. ಇಪ್ಪತ್ತಾರು ಮಿಲಿಸೆಕೆಂಡು.

ಸುರೇಖಾ ಸಂಗನಬಸವನನ್ನು ನೋಡಿದಳು. ಅವನು ಪರದೆಯ ಮೇಲಿನ ಅಂಕಿಯನ್ನು ನೋಡುತ್ತಿದ್ದ. ಬಟನ್ ಒತ್ತಿದ ಮೇಲಷ್ಟೇ ಏಳುವ ಡಬ್ಬಿ ಅದು; ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ.

“ಜನವರಿಯಲ್ಲಿ ಪರೀಕ್ಷೆ ಮಾಡಿದಾಗ ಯಾವುದು ಮೊದಲು?” ಎಂದು ಪರಿವೀಕ್ಷಕರು ಕೇಳಿದರು. ಅವರ ಕೈಯಲ್ಲಿ ಸುರೇಖಾಳ ಅಕ್ಷರದ ಫಾರಂ ಇತ್ತು.

ಸಂಗನಬಸವ ಬಾಯಿ ತೆರೆಯುವಷ್ಟರಲ್ಲಿ ಹುಸೇನಪ್ಪ ಮುಂದೆ ಬಂದ. “ಸಾಹೇಬ್ರ, ಹುಡುಗ್ರು ಗಾಬರಿ ಆಗ್ಯಾರ. ಬರವಣಿಗ್ಯಾಗ ಕೊಡ್ತೀವ್ರಿ.”

“ನಾಡಿದ್ದರೊಳಗೆ ಕೊಡಿ. ಇಬ್ಬರೂ ಬೇರೆಬೇರೆ ಬರೆದು ಕೊಡಬೇಕು.”

ಅಂಗಡಿಗೆ ಮರಳಿದ ಮೇಲೆ ಹುಸೇನಪ್ಪ ಷಟರು ಅರ್ಧ ಇಳಿಸಿ ಕುಳಿತ. “ನೋಡ್ರಿ, ಮೀಟರ್ ಮೊದ್ಲ ಹಚ್ಚಿದ್ವಿ, ಆಮ್ಯಾಲೆ ಬಟನ್ ಒತ್ತಿದ್ವಿ ಅಂತ ಬರೀರಿ. ಫಾರಂನ್ಯಾಗೂ ಹಂಗ ಐತಿ. ಡಬ್ಬಿ ಆಮ್ಯಾಲೆ ಕೆಟ್ಟೈತಿ. ಕಂಪನಿಯವ್ರು ನೋಡ್ಕೊಳ್ಳಿ.”

“ಮಾಮಾ, ನಾ ಮೊದ್ಲ ಒತ್ತೀನಿ,” ಎಂದ ಸಂಗನಬಸವ.

“ನೀ ಒತ್ತೀಯಲೇ. ನಾನೂ ಒತ್ತೀನಿ. ಮೂವತ್ತು ವರ್ಷ ಎಲ್ಲಾರೂ ಒತ್ಯಾರ. ನಿನಗ ಕಲಿಸಿದಾಂವ ನಾ. ವೈರ್‌ಮನ್ ಪರ್ಮಿಟ್ ಹೋದ್ರ ಏನ್ ಮಾಡ್ತಿ? ಕೇಸ್ ಆದ್ರ? ಸತ್ತಾಕಿ ಎದ್ದು ಬರ್ತಾಳೇನು?” ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಆ ಸಂಜೆ ಅವರು ಬಸ್ಸು ಹತ್ತಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಕಾಂಪೌಂಡಿನ ಹತ್ತಿರ ನಿಂತರು. ಜಿಟಿಜಿಟಿ ಮಳೆ ಹಿಡಿದಿತ್ತು.

“ನಾ ಬರ್ಯೋದು ಬರೀತೀನಿ,” ಎಂದ ಸಂಗನಬಸವ. “ಆದ್ರ ನಿಮ್ದೊಂದು ಐತಿ. ನೀವು ಬ್ಯಾಡ ಅಂದ್ರಿ, ನಾ ಕೇಳ್ಲಿಲ್ಲ. ಟಿಕ್ ಹಾಕು ಅಂತ ನಾ ಜೋರ ಮಾಡಿದೆ. ಹಂಗ ಬರೀರಿ. ನಾನೂ ಹಂಗ ಬರೀತೀನಿ. ನಿಮಗೇನೂ ಆಗಂಗಿಲ್ಲ.”

“ನಾ ಬ್ಯಾಡ ಅನ್ಲಿಲ್ಲ.”

“ಅಂದ್ರಿ ಅಂತ ಅಂದ್ಕೊಳ್ರಿ.”

“ಸಂಗಣ್ಣಾರ, ನನಗ ಗೊತ್ತಿತ್ತು. ನಿಮಗ ಗೊತ್ತಿರ್ಲಿಲ್ಲ. ನೀವು ಮಾಡಿದ್ದು ರೂಢಿ. ನಾ ಮಾಡಿದ್ದು ತಿಳಿದೂ ಮಾಡಿದ್ದು. ಅದೂ ನನ್ನ ಕೈಲೆ ಬರ್ದು.”

ಅವನು ಮಳೆಗೆ ಮುಖ ಕೊಟ್ಟು ನಿಂತ. “ನಿಮ್ಮಪ್ಪಗ ಏನ್ ಹೇಳ್ತೀರಿ? ನಾ ನಿಮ್ಮ ಮನಿಗೆ ಬರ್ಬೇಕಂತ ಮಾಡಿದ್ದೆ. ಶ್ರಾವಣದಾಗ, ಅವ್ವನ ಕರ್ಕೊಂಡು.” ಹೇಳಬಾರದ ಹೊತ್ತಿನಲ್ಲಿ ಹೇಳಿಬಿಟ್ಟೆ ಎಂಬಂತೆ ಅವನು ಅಲ್ಲಿಗೇ ನಿಲ್ಲಿಸಿದ. ಅವಳು ಎರಡು ವರ್ಷವಾಗಲಿ, ಹತ್ತು ವರ್ಷವಾಗಲಿ ಕಾಯಬಹುದಾಗಿದ್ದ ಮಾತು ಅದು. ಈಗ ಕೇಳಿದಾಗ ಎದೆಯಲ್ಲಿ ಸಂತೋಷದ ಬದಲು ಭಾರವಾದುದೇನೋ ಇಳಿಯಿತು.

“ಮೊದ್ಲ ಕೌಸರ್ ಹತ್ರ ಹೋಗೂಣ,” ಎಂದಳು ಸುರೇಖಾ.

ಕೌಸರ್ ಮಕ್ತುಂಬೀಯ ಒಬ್ಬಳೇ ಮಗಳು. ಇಪ್ಪತ್ಮೂರು ವರ್ಷ; ಸಣ್ಣ ಖಾಸಗಿ ಶಾಲೆಯಲ್ಲಿ ಟೀಚರ್. ಮಾರನೆಯ ದಿನ ಮುಂಜಾನೆ ಅವರು ಹೋದಾಗ ಮನೆಯ ಮುಂದೆ ಹಾಕಿದ್ದ ಪ್ಲಾಸ್ಟಿಕ್ ಕುರ್ಚಿಗಳು ಇನ್ನೂ ಹಾಗೇ ಇದ್ದವು. ಅವಳ ದೊಡ್ಡಮ್ಮ ಖಾತೂನ್‌ಬೀ ಚಾಪೆ ಹಾಸಿದಳು. ಕೌಸರ್ ಗೋಡೆಗೊರಗಿ ಕುಳಿತಿದ್ದಳು. ಬಂದವರು ಯಾರೆಂದು ಗೊತ್ತಾಗಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

“ಅಮ್ಮ ನಿಮ್ಮ ಸುದ್ದಿ ಹೇಳ್ತಿದ್ಲು. ಕರೆಂಟಿನವ್ರು ಅಂತ.”

ಸಂಗನಬಸವ ಚಾಪೆಯ ಮೇಲೆ ಕೂಡಲಿಲ್ಲ. ಬರಿ ನೆಲದ ಮೇಲೆ ಮೊಣಕಾಲೂರಿದ. “ನಮ್ಮ ತಪ್ಪು ಐತಿ ತಂಗೀ. ನಾ ಆ ಡಬ್ಬಿ ಟೆಸ್ಟ್ ಮಾಡಿದ್ದು ಖರೇ, ಆದ್ರ ಮಾಡೋ ರೀತಿಲೆ ಮಾಡ್ಲಿಲ್ಲ. ಮೀಟರ್ ಮೊದ್ಲ ಹಚ್ಚಿದ್ರ ಕೆಟ್ಟದ್ದು ಅವತ್ತ ಸಿಗ್ತಿತ್ತು. ಬೇಫಿಕರ್ ಇರ್ರಿ ಅಂತ ಬ್ಯಾರೆ ಹೇಳೀನಿ ಆ ತಾಯಿಗೆ.”

ಕೌಸರ್ ಅವನನ್ನು ನೋಡಿದಳು. ಆಮೇಲೆ ಸುರೇಖಾಳನ್ನು.

“ನೀವು?”

“ನಾ ಬಾಜೂಕ ಇದ್ದೆ. ನನಗ ಸರಿ ರೀತಿ ಗೊತ್ತಿತ್ತು.”

“ಹೇಳಿದ್ರೇನು?”

“ಇಲ್ಲ.”

“ಈಕಿ ಹೇಳಿದ್ಲು…” ಎಂದು ಸಂಗನಬಸವ ಬಾಯಿ ಹಾಕಿದ.

“ನೀವು ಸುಮ್ನಿರ್ರಿ,” ಎಂದಳು ಕೌಸರ್. ಶಾಲೆಯ ಟೀಚರಿನ ದನಿ. “ಯಾಕ ಹೇಳ್ಲಿಲ್ಲ? ಗೊತ್ತಿತ್ತಂತೀರಿ. ಬಾಜೂಕ ಇದ್ರಿ. ಬಾಯಿ ಇತ್ತು. ಯಾಕ?”

ಸುರೇಖಾ ರಾತ್ರಿಯೆಲ್ಲಾ ಈ ಪ್ರಶ್ನೆಗೆ ಉತ್ತರ ಜೋಡಿಸಿಟ್ಟುಕೊಂಡಿದ್ದಳು. ಕೆಲಸದ ಅವಸರ, ಹಿರಿಯರ ಪದ್ಧತಿ, ಹೊಸ ಫಾರಂನ ಗೊಂದಲ. ಒಂದೂ ಸುಳ್ಳಲ್ಲ, ಒಂದೂ ನಿಜವಲ್ಲ. ತಾಯಿಯನ್ನು ಕಳೆದುಕೊಂಡ ಆ ಎರಡು ಕಣ್ಣುಗಳ ಮುಂದೆ ಅವೆಲ್ಲ ಉದುರಿಹೋದವು.

“ಇವರು ಆಗ ನನ್ನ ನೋಡಿ ನಗಾಕತ್ತಿದ್ರು,” ಎಂದಳು. ದನಿ ಅವಳಿಗೇ ಕೇಳದಷ್ಟು ಸಣ್ಣದಾಗಿತ್ತು. “ನನಗ ಇವರು ಅಂದ್ರ… ನನಗ ಇವರ ಮ್ಯಾಲೆ ಜೀವ ಐತಿ. ಒಂದೂವರಿ ವರ್ಷದಿಂದ. ತಡೀರಿ ಅಂದ್ರ ಆ ನಗು ನಿಂತು ಬಿಡ್ತಿತ್ತು. ಇವರ ತಪ್ಪು ಹಿಡಿದಂಗ ಆಕ್ಕಿತ್ತು. ಇನ್ನೊಂದು ಗಳಿಗಿ ಹಿಂಗ ನೋಡ್ಲಿ ಅನಿಸ್ತು. ಅದಕ್ಕ ಸುಮ್ನಾದೆ. ಅಷ್ಟ ಕಾರಣ. ಬ್ಯಾರೆ ಏನೂ ಇಲ್ಲ.”

ಸಂಗನಬಸವ ತಲೆಯೆತ್ತಲಿಲ್ಲ. ಇಷ್ಟು ದಿನ ಬಸ್ಸಿನ ಸೀಟಿನಲ್ಲಿ ಅವನು ಕಾದಿದ್ದ ಮಾತನ್ನು, ಸತ್ತವಳ ಮಗಳ ಮುಂದೆ ತಪ್ಪೊಪ್ಪಿಗೆಯಾಗಿ ಕೇಳಿದ್ದ.

“ಇದನ್ನ ಸಾಹೇಬ್ರಿಗೆ ಕಾಗದದಾಗ ಬರೀತೀರಿ?” ಎಂದು ಕೌಸರ್ ಕೇಳಿದಳು.

“ಬರೀತೀನಿ.”

“ನಗಾಕತ್ತಿದ್ರು ಅಂತಾನೂ?”

“ಅದೂ ಬರೀತೀನಿ.”

ಕೌಸರ್ ಚಾಪೆಯ ಅಂಚು ಕೀಳತೊಡಗಿದಳು. “ನಾ ನಿಮ್ಮನ್ನ ಮಾಫ್ ಮಾಡಂಗಿಲ್ಲ,” ಎಂದಳು. “ಆದ್ರ ಹಾಸ್ಟೆಲ್ಲಿನವ್ರು ಬಂದಿದ್ರು. ಅಮ್ಮಂದ ಗಲತಿ, ಚಪ್ಪಲಿ ಹಾಕ್ಕೊಳ್ಳಿಲ್ಲ ಅಂದ್ರು. ನೀವೊಬ್ರ ಅಮ್ಮಂದ ಗಲತಿ ಅನ್ಲಿಲ್ಲ.” ಚಾಪೆಯ ಅಂಚು ಬಿಟ್ಟು ತಲೆಯೆತ್ತಿ, “ಅಮ್ಮನ್ನ ಉಳಿಸದಂಥಾ ಡಬ್ಬಿ ಇನ್ನೆಷ್ಟು ಅದಾವ?”

ಇಬ್ಬರೂ ಅಲ್ಲಿಂದ ನೇರ ಅಂಗಡಿಗೆ ನಡೆದರು.

ಅಂಗಡಿಯ ಫೈಲು ತೆಗೆದು ನೋಡಿದಾಗ, ಹೊಸ ಫಾರಂ ಬಂದ ಮೇಲೆ ಸಂಗನಬಸವ ಸಹಿ ಮಾಡಿದ ಬೋರ್ಡುಗಳು, ಹಾಸ್ಟೆಲ್ಲಿನದು ಬಿಟ್ಟು, ನಲವತ್ತೊಂದು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್. ಇಬ್ಬರೂ ತಮ್ಮ ತಮ್ಮ ಹೇಳಿಕೆಗೆ ಆ ಪಟ್ಟಿ ಲಗತ್ತಿಸಿದರು. ಪರಿವೀಕ್ಷಕರು ಸುರೇಖಾಳ ಕಾಗದ ಓದುವಾಗ ಒಂದು ಸಾಲಿನಲ್ಲಿ ನಿಂತರು, ಕನ್ನಡಕ ತೆಗೆದು ಒರೆಸಿದರು, ಏನೂ ಕೇಳದೆ ಮುಂದಿನ ಸಾಲಿಗೆ ಹೋದರು.

ಸಂಗನಬಸವನ ಪರ್ಮಿಟ್ಟನ್ನು ತನಿಖೆ ಮುಗಿಯುವವರೆಗೆ ತಡೆಹಿಡಿದರು. ಪೊಲೀಸ್ ಠಾಣೆಯಿಂದ ಎರಡು ಸಲ ಕರೆ ಬಂತು. ಹುಸೇನಪ್ಪ ಅವರೊಂದಿಗೆ ಮಾತು ಬಿಟ್ಟ. ಸುರೇಖಾಳ ಅಪ್ಪ ಹೇಳಿಕೆಯ ನಕಲನ್ನು ಎರಡು ಬಾರಿ ಓದಿ, ಮಡಚಿ, “ಖರೇ ಬರ್ದೀಯಿ” ಎಂದಷ್ಟೇ ಹೇಳಿ ಹೊರಗೆ ಹೋದರು. ಅವತ್ತು ಊಟಕ್ಕೆ ಬರಲಿಲ್ಲ.

ನಲವತ್ತೊಂದೂ ಬೋರ್ಡುಗಳ ಮರುಪರೀಕ್ಷೆಗೆ ಆದೇಶವಾಯಿತು. ಲಿಂಗಸುಗೂರಿನ ಲಾಲ್‌ಸಾಬ್ ಎಂಬ ಪರವಾನಗಿಯುಳ್ಳ ಹಿರಿಯರು ಹೊಣೆ ಹೊತ್ತರು. ಮೀಟರು ಹಿಡಿಯಲು ಸುರೇಖಾ. ಜಾಗ ತೋರಿಸಲು ಸಂಗನಬಸವ. ಅವನು ಬೋರ್ಡು ಮುಟ್ಟುವಂತಿರಲಿಲ್ಲ, ಆ ಕೋಣೆಯೊಳಗೆ ಬರುವಂತೆಯೂ ಇರಲಿಲ್ಲ. ಪ್ರತಿ ಕಡೆಯೂ ಗೇಟಿನ ಹೊರಗೆ ನಿಂತು, ಒಳಗಿನಿಂದ ಅಂಕಿ ಬರುವುದನ್ನು ಕಾಯುತ್ತಿದ್ದ. ಇಪ್ಪತ್ತೆಂಟು. ಮೂವತ್ತೊಂದು. ಇಪ್ಪತ್ತೆರಡು. ಸುರೇಖಾ ಗೇಟಿಗೆ ಬಂದು ಹೇಳಿದ ಒಂದೊಂದು ಅಂಕಿಗೂ ಅವನು ಉಸಿರು ಬಿಡುವುದು ಅವಳಿಗೆ ಕಾಣುತ್ತಿತ್ತು.

ಏಳನೆಯದು ಮುದಗಲ್ಲಿನ ಒಂದು ಸಣ್ಣ ಶಾಲೆ. ಲಾಲ್‌ಸಾಬ್ ಬಾಗಿಲ ಹತ್ತಿರ ನಿಂತು, “ಹಚ್ಚು ಬೇಟಿ” ಎಂದರು. ಸುರೇಖಾ ಹಚ್ಚಿದಳು. ಅಂಕಿ ಓಡಿತು. ನೂರು, ಇನ್ನೂರು, ಮುನ್ನೂರು. ಓಡುತ್ತಲೇ ಹೋಯಿತು. ಡಬ್ಬಿ ಸದ್ದು ಮಾಡಲಿಲ್ಲ.

ಇನ್ನೊಮ್ಮೆ ಹಚ್ಚಿ ನೋಡಿದಳು. ಅದೇ.

ಲಾಲ್‌ಸಾಬ್ ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಮುಖ್ಯೋಪಾಧ್ಯಾಯರನ್ನು ಹುಡುಕಿ ಹೋದರು. ವರಾಂಡದಲ್ಲಿ ನೀರಿನ ಕೂಲರಿನ ಮುಂದೆ ಮಕ್ಕಳು ಬಾಟಲಿ ಹಿಡಿದು ಸಾಲು ನಿಂತಿದ್ದರು. ಕೂಲರಿನ ಕೆಳಗೆ ನೆಲ ಒದ್ದೆಯಾಗಿತ್ತು. ಹುಡುಗಿಯೊಬ್ಬಳು ಅದರ ತಗಡಿನ ಮೈಗೆ ಅಂಗೈ ಊರಿ, ಗೆಳತಿಯ ಜೊತೆ ಹರಟುತ್ತಿದ್ದಳು. ಸುರೇಖಾ ಅವಳನ್ನು ದಾಟಿ ಗೇಟಿನವರೆಗೆ ನಡೆದು ಬಂದದ್ದು ಹೇಗೋ ಅವಳಿಗೇ ಗೊತ್ತಿಲ್ಲ.

“ಎಷ್ಟು ಬಂತು?” ಎಂದ ಸಂಗನಬಸವ.

“ಬರ್ಲಿಲ್ಲ. ಟ್ರಿಪ್ ಆಗ್ಲಿಲ್ಲ.”

ಅವನು ಕಾಂಪೌಂಡಿನ ಗೋಡೆ ಹಿಡಿದುಕೊಂಡ. ಆಮೇಲೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತ. ಒಳಗಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು. ಅವನು ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು, ಆ ಕೈಗಳು ಬೇರೆ ಯಾರವೋ ಎಂಬಂತೆ ನೋಡಿದ. ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಸುರೇಖಾ ಅವನ ಪಕ್ಕದಲ್ಲಿ ಕುಳಿತಳು. ಅವನ ಬಲಗೈಯನ್ನು ಎತ್ತಿ ತನ್ನ ಎರಡೂ ಕೈಗಳ ನಡುವೆ ಹಿಡಿದುಕೊಂಡಳು. ಇಕ್ಕಳ ಹಿಡಿದು ಕಾಯಿಗಟ್ಟಿದ ಅಂಗೈ. ಮುಟ್ಟಿದ್ದು ಇದೇ ಮೊದಲು. ನಡು ಮಧ್ಯಾಹ್ನ. ಎದುರಿನ ಪಾನ್ ಅಂಗಡಿಯವನು ಸುಣ್ಣ ಹಚ್ಚುವುದನ್ನು ಬಿಟ್ಟು ನೋಡಿದ. ಲಿಂಗಸುಗೂರಿಗೆ ಹೊರಟಿದ್ದ ಬಸ್ಸಿನ ಕಿಟಕಿಗಳಿಂದಲೂ ಮುಖಗಳು ತಿರುಗಿದವು.

“ಜನ ನೋಡಾಕತ್ಯಾರ,” ಎಂದ ಅವನು.

“ನೋಡ್ಲಿ.”

“ನನಗ ಪರ್ಮಿಟ್ ಇಲ್ಲ. ಕೇಸ್ ಏನಾಕ್ಕತೋ ಗೊತ್ತಿಲ್ಲ. ನೀವು ನಿಮ್ಮ ಮನ್ಯಾಗ…”

“ಸಂಗೂ,” ಎಂದಳು ಅವಳು. ಅವನ ಮಾತು ಅಲ್ಲಿಗೇ ನಿಂತಿತು. “ನಿನ್ನ ಬಿಟ್ಟು ಹೋಗಬೇಕಂದ್ರ ಕೌಸರ್ ಮನಿಂದಾನ ಹೋಗ್ತಿದ್ದೆ.”

ಅವನು ಅವಳ ಕಡೆ ನೋಡಿದ. ಅವನ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿ ಸುತ್ತಿಕೊಂಡವು.

ಲಾಲ್‌ಸಾಬ್ ಗೇಟಿಗೆ ಬಂದು ಕೆಮ್ಮಿದರು. ಇಬ್ಬರೂ ಎದ್ದರು. ಕೈ ಬಿಡಲಿಲ್ಲ.

“ಇನ್ನೂ ಮೂವತ್ನಾಲ್ಕು ಅದಾವ,” ಎಂದಳು ಸುರೇಖಾ. “ನಡಿ.”